ಸೇತುವೆಯ ಮೇಲಿನ ಸುಣ್ಣದ ಬೊಟ್ಟುಗಳು

ಅಣ್ಣನ ತಿಥಿಯ ದಿನ ಹಜಾರದಲ್ಲಿ ಯಾರೋ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಆ ಒದ್ದೆ ಸುಣ್ಣದ ವಾಸನೆ ಬಂದದ್ದೇ ತಡ, ನಮ್ಮ ಪಕ್ಕದ ಮನೆಯಲ್ಲಿದ್ದ ಮೇಸ್ತ್ರಿ ತಾತ ನೆನಪಾದರು. ಅವರು ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲಾಗಿರಬೇಕು...

ನಮ್ಮೂರ ಹೊಳೆಗೆ ಕಬ್ಬಿಣದ ಸೇತುವೆ ಕಟ್ಟಿದವರಲ್ಲಿ ತಾತನೂ ಒಬ್ಬರು. ಮಹಾರಾಜರ ಕಾಲದ ಕೆಲಸ ಅದು. ಉಕ್ಕಿನ ತೊಲೆಗಳು ರೈಲಿನಲ್ಲಿ ಪಾಂಡವಪುರಕ್ಕೆ ಬಂದು, ಅಲ್ಲಿಂದ ಎತ್ತಿನ ಗಾಡಿಗಳಲ್ಲಿ ಹೊಳೆಯ ದಂಡೆ ಸೇರಿದವಂತೆ. ಪಾಂಡವಪುರವನ್ನು ತಾತ ಕೊನೆಯವರೆಗೂ ಹಿರೋಡೆ ಎಂದೇ ಕರೆಯುತ್ತಿದ್ದರು. ತೊಲೆಗೆ ತೊಲೆ ಕೂಡಿಸುವ ಗುಂಡುತಲೆಯ ದಪ್ಪ ಮೊಳೆಯೇ ರಿವಿಟ್ಟು. ತಿದಿಯೊತ್ತಿ ಕೆಂಪಗೆ ಕಾಯಿಸಿದ ರಿವಿಟ್ಟನ್ನು ಕೆಳಗಿನವನು ಇಕ್ಕಳದಲ್ಲಿ ಹಿಡಿದು ಎಸೆದರೆ, ಮೇಲಿನವನು ಅದನ್ನು ತಗಡಿನ ಡಬ್ಬದಲ್ಲಿ ಹಿಡಿದು ತೂತಿಗೆ ತೂರಿಸಬೇಕು. ತಕ್ಷಣ ತಾತ ಸುತ್ತಿಗೆಯಿಂದ ಬಡಿದು ಅದರ ಇನ್ನೊಂದು ತುದಿಗೂ ತಲೆ ಮಾಡಬೇಕು. "ಆರೋದ್ಮೇಲೆ ಬಡುದ್ರೆ ಕಚ್ಕಣಾಕಿಲ್ಲ ಕಣವ್ವ" ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವೆ, ಒಂದು ಕಬ್ಬಿನ ಕಾಲದಲ್ಲಿ, ತಾತ ದಿನಾ ಬೆಳಿಗ್ಗೆ ಸಣ್ಣ ಸುತ್ತಿಗೆ ಹಿಡಿದು ಸೇತುವೆಗೆ ಹೋಗತೊಡಗಿದರು. ಒಂದೊಂದು ರಿವಿಟ್ಟನ್ನೂ ತಟ್ಟಿ, ಕಿವಿಗೊಟ್ಟು ಕೇಳುವರು. ಕೆಲವಕ್ಕೆ ತಮ್ಮ ಎಲೆಅಡಿಕೆ ಚೀಲದ ಸುಣ್ಣದಿಂದ ಒಂದು ಬೊಟ್ಟು ಇಡುವರು. ಯಾಕೆಂದು ಯಾರಿಗೂ ಹೇಳಲಿಲ್ಲ. ನಾವೂ ನೆಟ್ಟಗೆ ಕೇಳಲಿಲ್ಲ. ಕಬ್ಬಿಣ ಬಿಚ್ಚಿ ಗುಜರಿಗೆ ಹಾಕಲು ನೋಡುತ್ತಿದ್ದಾರೆ ಎಂದರು ಕೆಲವರು. ನಮ್ಮ ಮನೆಯ ಅನುಮಾನವೇ ಬೇರೆ. ತಾತನ ಮೊಮ್ಮಗಳನ್ನು ಬೇಡವೆಂದು, ಅಣ್ಣನಿಗೆ ಸಿಂಧಘಟ್ಟದ ಹೆಣ್ಣು ಗೊತ್ತು ಮಾಡಿ ಆಗಿನ್ನೂ ತಿಂಗಳಾಗಿರಲಿಲ್ಲ. ಅಣ್ಣ ದಿನಾ ಟ್ರಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ದಾಟುತ್ತಿದ್ದದ್ದು ಅದೇ ಸೇತುವೆಯನ್ನು.

ಒಂದು ದಿನ ತಾತ ನಮ್ಮ ಮನೆ ಮುಂದೆ ಅಣ್ಣನ ಟ್ರಾಕ್ಟರು ತಡೆದು ನಿಂತರು.

"ಲೇ ಮಗ, ಎಲ್ಡು ಟ್ರೈಲರು ಒಟ್ಗೆ ಕಟ್ಕಂಡು ದಾಟ್ಬ್ಯಾಡ ಕಣ್ಲಾ. ಒಂದೊಂದೇ ದಾಟ್ಸು."

"ಯಾಕ್ ತಾತ? ಎಣ್ಣು ಒಲ್ಲೆ ಅಂದಿದ್ಕೆ ದಾರೀನೂ ಬಂದ್ ಮಾಡ್ತಾ ಇದ್ದೀಯಾ?"

"ಥೂ ನಿನ್ನ! ಆ ದಾರಿ ಮಾಡ್ದೋನೇ ನಾನು ಕಣ್ಲಾ!"

ಟ್ರಾಕ್ಟರು ಹೊರಟುಹೋಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಕಿವಿಯಲ್ಲಿ, "ಸುಣ್ಣದ ಬೊಟ್ಟು ಇಟ್ಟವ್ನಲ್ಲ, ಅದು ಸುಮ್ಕೆ ಅಲ್ಲ ಕಣೆ. ಮಾಟ" ಎಂದಳು.

ಮಾರನೆಯ ಬೆಳಿಗ್ಗೆ, ತಾತ ಬರುವ ಮುಂಚೆ, ನಾನೊಬ್ಬಳೇ ಅರಿಶಿನದ ನೀರು ಮತ್ತು ಹಳೇ ಬಟ್ಟೆ ಹಿಡಿದು ಹೋದೆ. ಕೈಗೆಟುಕಿದ ಬೊಟ್ಟುಗಳನ್ನೆಲ್ಲ ಒರೆಸಿದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆಂದು ಆರತಿ ನೀರು ಕಲಸುವ ನನಗೆ ಗೊತ್ತಿರಲಿಲ್ಲವೇ? ಆದರೂ ಬಟ್ಟೆ ಕೆಂಪಾದಾಗ ರಕ್ತವೇ ಎನ್ನಿಸಿ, ಮಾಟವೇ ನಿಜವೆಂದುಕೊಂಡೆ.

ಅಸಲಿಗೆ ಆ ಬೊಟ್ಟುಗಳು ಸಡಿಲವಾದ ರಿವಿಟ್ಟುಗಳ ಗುರುತು. ಗಟ್ಟಿ ರಿವಿಟ್ಟು ಗಂಟೆಯಂತೆ ಉಲಿಯುತ್ತದಂತೆ, ಸಡಿಲವಾದದ್ದು ಮಡಕೆಯಂತೆ. ತಾತ ಇಲಾಖೆಗೆ ಅರ್ಜಿ ಬರೆಸಿ ಹಾಕಿದ್ದರು. ನೋಡಲು ಎಂಜಿನಿಯರು ಬರುವುದಿತ್ತು. ಗುರುತು ಮಾಯವಾದದ್ದು ಕಂಡು ತಾತ ಮತ್ತೆ ಮೊದಲಿಂದ ತಟ್ಟುತ್ತಾ ಬಂದರು. ನಡುಕಂಬದ ಹತ್ತಿರ ಕಟಕಟೆಯಾಚೆ ಬಾಗಿದವರು ಕೆಳಗಿನ ಬಂಡೆಯ ಮೇಲೆ ಬಿದ್ದರು. ಸೊಂಟ ಮುರಿಯಿತು.

ಇದೆಲ್ಲ ತಿಳಿದದ್ದು ಅವರನ್ನು ನೋಡಲು ಹೋದಾಗ, ಅವರ ಬಾಯಿಂದಲೇ.

"ನಿಮ್ಮಣ್ಣನೇ ಕಣವ್ವ ಒರ್ಸಿರದು. ಇನ್ಯಾರ್ಗೈತೆ ನನ್ ಮ್ಯಾಲೆ ಅಷ್ಟು ಸಿಟ್ಟು?"

ನಾನು ಅವರ ಹಾಸಿಗೆಯ ಅಂಚು ಸರಿಮಾಡಿದೆ.

ಎರಡನೇ ಸಲ ಅವರು ಇಟ್ಟಷ್ಟು ಗುರುತುಗಳನ್ನು ನೋಡಿಯೇ ಎಂಜಿನಿಯರು ಭಾರದ ಗಾಡಿಗಳನ್ನು ನಿಲ್ಲಿಸಿದರು. ತಾತ ಮಾತ್ರ ಮತ್ತೆ ಏಳಲಿಲ್ಲ. ನಾಲ್ಕು ತಿಂಗಳಿಗೆ ಹೋದರು. ಅಣ್ಣ ಹೆಣಕ್ಕೆ ಹೆಗಲು ಕೊಡಲು ಹೋದಾಗ ಆ ಮನೆಯವರು ಬಾಗಿಲಲ್ಲೇ ತಡೆದರು. ಯಾಕೆ ಎಂದು ಅವನು ಎಷ್ಟೋ ವರ್ಷ ನನ್ನನ್ನು ಕೇಳಿದ... ನಾನು ಗೊತ್ತಿಲ್ಲ ಅಂದೆ.

ಈಗ ಹೊಸ ಸೇತುವೆ ಬಂದಿದೆ. ಹಳೆಯದರ ಮೇಲೆ ದನ ಬಿಟ್ಟು ಇನ್ನಾರೂ ದಾಟುವುದಿಲ್ಲ.

ಅಣ್ಣನ ತಿಥಿಗೆ ತಾತನ ಮೊಮ್ಮಗಳು ನಾಗಮಂಗಲದಿಂದ ಬಂದಿದ್ದಳು. ಅವಳಿಗೂ ತಲೆ ನರೆತಿದೆ. ನನ್ನ ಕೈ ಹಿಡಿದು, "ನಿಮ್ಮಣ್ಣ ಮಾಡಿದ್ನ ನಾವು ಮನ್ಸಲ್ಲಿ ಇಟ್ಕಂಡಿಲ್ಲ ಬುಡಕ್ಕ. ಹೋದೋರು ಹೋದ್ರು" ಎಂದಳು.

"ಅಣ್ಣ ಅಲ್ಲ. ಒರೆಸಿದ್ದು ನಾನು" ಎಂದೆ.

ಅವಳು ಹಿಡಿದ ಕೈ ಮೆಲ್ಲಗೆ ಬಿಟ್ಟಳು. ಎಲೆ ಹಾಕಿದ್ದರು, ಊಟಕ್ಕೆ ಏಳು ಎಂದೆ. ಅವಳು ಅಣ್ಣನ ಫೋಟೋದ ಮುಂದೆ ಹೋಗಿ ಕೈಮುಗಿದು ತುಂಬಾ ಹೊತ್ತು ನಿಂತಳು. ಆಮೇಲೆ ಹೊರಗೆ ಚಪ್ಪಲಿ ಹುಡುಕುತ್ತಿರುವುದು ಕಾಣಿಸಿತು.