ಒಣಬಾಯಿಯ ಮೂವತ್ತೊಂದು ದಾಖಲೆ

ಹಳೆಯ ಲ್ಯಾಬ್ ಕೋಟಿನ ಜೇಬಿನಲ್ಲಿ ಮೊನ್ನೆ ಪುದೀನ ವಾಸನೆಯ ತೆಳುಹಾಳೆಯೊಂದು ಸಿಕ್ಕಿತು. ಅಂಚೆಚೀಟಿಯಷ್ಟಗಲ. ತಕ್ಷಣ ಅಂಕಲ್ ನೆನಪಾದರು, ಅವರ ಮೇಲಿನ ಸಿಟ್ಟೂ...

ಅದು ೨೦೨೨. ಸ್ಯಾನ್ ಡಿಯಾಗೋದ ಕರ್ನಿ ಮೆಸಾದ ಸಣ್ಣ ಲ್ಯಾಬಿನಲ್ಲಿ ಎದೆಯುರಿಯ ಔಷಧವನ್ನು ನೀರಿಲ್ಲದೆ ನಾಲಿಗೆಯ ಮೇಲೆ ಕರಗುವ ತೆಳು ಫಿಲ್ಮ್ ಆಗಿಸಲು ನಾವಿಬ್ಬರೂ ದುಡಿಯುತ್ತಿದ್ದೆವು. ಅಂಕಲ್ ಮಂಗಳೂರಿನವರು, ನನ್ನ ಮೇಲಧಿಕಾರಿಯಾಗಿದ್ದ ವಿಜ್ಞಾನಿ; ಅಂಕಲ್ ಎನ್ನುವುದು ಸಲಿಗೆಯಿಂದ. ಸ್ವತಃ ಎದೆಯುರಿಯಿದ್ದರೂ ಮಧ್ಯಾಹ್ನದ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ ತಪ್ಪುತ್ತಿರಲಿಲ್ಲ. ನಿವೃತ್ತಿಯೊಳಗೆ ಇದೊಂದು ಮುಗಿಯಬೇಕೆಂಬುದು ಅವರ ಹಟ.

ಪರೀಕ್ಷಾ ಯಂತ್ರದಲ್ಲಿ ಫಿಲ್ಮ್ ಇಪ್ಪತ್ತೆರಡು ಸೆಕೆಂಡಿಗೆ ಕರಗುತ್ತಿತ್ತು. ಅವರಿಗೆ ಅದು ಸಾಲದು. ಬೆಳಗಿನಿಂದ ನೀರು ಕುಡಿಯದೆ ಬಂದು, ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆರೆದು ಕೂತು, ಔಷಧ ಬೆರೆಸದ ಫಿಲ್ಮನ್ನು ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದರು. ಕರಗಿದಾಗ ಬೆರಳೆತ್ತುವುದು. ನಾನು ಬಿಸಿಲಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು! ದಿನಚರಿಯಲ್ಲಿದೆ: ಮೂವತ್ತೊಂದು ಬಾರಿ. ಒಮ್ಮೆಯೂ ಒಂದು ನಿಮಿಷದೊಳಗೆ ಬೆರಳು ಏಳಲಿಲ್ಲ.

"ಅಂಕಲ್, ಪ್ರೋಟೋಕಾಲ್‌ನಲ್ಲಿ ಇದು ಇಲ್ವೇ ಇಲ್ಲ."

"ಮೆಷಿನ್‌ಗೆ ಬಾಯಿ ಒಣಗುದಿಲ್ಲ ಮಾರಾಯ್ತಿ. ಮುದುಕರಿಗೆ ಒಣಗ್ತದೆ. ನೀನು ಬರಿ."

ಬರೆದೆ. ವುಡ್‌ಲ್ಯಾಂಡ್ ಹಿಲ್ಸ್‌ನ ಮುಖ್ಯ ಕಚೇರಿಯಲ್ಲಿ ಒಣಬಾಯಿಯ ಆ ಕಾಲಂ ತೋರಿಸಿ ಇನ್ನಾರು ತಿಂಗಳು ಕೇಳೋಣ ಎಂದರು ಅಂಕಲ್. ಸೋಲು ತೋರಿಸಿ ಯಾರಾದರೂ ಸಮಯ ಕೇಳುತ್ತಾರೆಯೇ? ಅವರಿಗೆ ಹೇಳದೆ ಸ್ಲೈಡಿನಿಂದ ಕಾಲಂ ಅಳಿಸಿದೆ. ಮೀಟಿಂಗಿನಲ್ಲಿ ಅದು ಕಾಣದಾಗ ಅಂಕಲ್ ನನ್ನತ್ತ ಒಮ್ಮೆ ನೋಡಿದರು, ಅಷ್ಟೆ.

ಒಂದು ಗಂಟೆ ಮಾತಾಡಿ ಬಾಯಿ ಒಣಗಿದ್ದ ನಿರ್ದೇಶಕರು ಔಷಧವಿಲ್ಲದ ಫಿಲ್ಮೊಂದನ್ನು ಬಾಯಿಗಿಟ್ಟುಕೊಂಡರು. ಅದು ಅಂಗುಳಕ್ಕೆ ಅಂಟಿತು. ಬೆರಳು ಹಾಕಿ ಕೆರೆದು ತೆಗೆದು, "ಇದನ್ನು ಯಾರ ಬಾಯಲ್ಲೂ ಇಟ್ಟು ನೋಡಿಲ್ಲವೇ?" ಎಂದರು.

ಅಂಕಲ್ ಹೇಳಿದರು: "ಇಲ್ಲ. ನನ್ನ ತಪ್ಪು."

ಯೋಜನೆ ಅವತ್ತೇ ನಿಂತಿತು. ಸ್ಯಾನ್ ಡಿಯಾಗೋಗೆ ವಾಪಸು ಡ್ರೈವ್ ಮಾಡುವಾಗ ನಾನೇ ಸಿಡುಕಿದೆ. "ಯಾಕೆ ಸುಳ್ಳು ಹೇಳಿದ್ರಿ? ನಾನು ಕೇಳಿದ್ನಾ?"

"ನಿಂಗೆ ಇನ್ನೂ ಕೆಲಸ ಮಾಡ್ಲಿಕ್ಕುಂಟು. ನಂದೆಂತ, ಮುಗೀತು," ಎಂದು ರೇಡಿಯೋ ಹಾಕಿದರು. ಆ ಔದಾರ್ಯ ಯಾರಿಗೆ ಬೇಕಿತ್ತು?

ಎರಡು ತಿಂಗಳಿಗೆ ನಿವೃತ್ತರಾದರು. ಹೋದ ವರ್ಷ ತೀರಿಕೊಂಡರೆಂದು ಯಾರೋ ಗ್ರೂಪಿನಲ್ಲಿ ಹಾಕಿದ್ದರು...

ಮೊನ್ನೆ ಆ ನಿರ್ದೇಶಕರಿಗೆ ನಡೆದದ್ದನ್ನೆಲ್ಲ ಬರೆದು ಇಮೇಲ್ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ಕ್ಷಮಿಸಿ, ಅದು ಯಾವ ಪ್ರಾಜೆಕ್ಟ್?

ತಪ್ಪು ಯಾರದೆಂದು ಗೊತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬಳೇ ಉಳಿದಿದ್ದೇನೆ.