ಕರ್ಪೂರ ಆರಿಸದವನು

ಕಳ್ಳನಿಗೆ ಕಳ್ಳ ಅನ್ನುತ್ತಾರೆ, ಕುಡುಕನಿಗೆ ಕುಡುಕ. ಮಾನಗೇಡಿ ಅನ್ನುವ ಮಾತನ್ನು ಮಾತ್ರ ಹಂಪಿ ಸೀಮೆಯ ಹಳಬರು ಕಂಡಕಂಡವರಿಗೆ ಖರ್ಚು ಮಾಡುತ್ತಿರಲಿಲ್ಲ. ದೇವರೆದುರು ಸುಳ್ಳಾಡಿದವನಿಗೆಂದೇ ಎತ್ತಿಟ್ಟಿದ್ದರು. ಆ ಮಾತು ಕೊನೆಗೆ ಯಾರ ಕೊರಳಿಗೆ ಬಿತ್ತು ನೋಡಿ! ಗಾದಿಲಿಂಗಪ್ಪನಿಗೆ.

ಗಾದಿಲಿಂಗಪ್ಪ ಕಾಲುವೆಯ ನೀರುಗಂಟಿ. ಯಾರ ಬಾಳೆತೋಟಕ್ಕೆ ಯಾವಾಗ ನೀರು ಎಂಬ ಪಾಳಿ ಅವನ ಕೈಯಲ್ಲಿತ್ತು. ಸ್ವಂತ ಭಾವಮೈದುನನ ತೋಟವಾದರೂ ಪಾಳಿ ಮುಗಿದರೆ ತೂಬು ಮುಚ್ಚಿಬಿಡುವ ಆಸಾಮಿ. ಅದಕ್ಕೇ ನೆಂಟರು ಮದುವೆಮನೆಯಲ್ಲಿ ಮುಖ ತಿರುಗಿಸುತ್ತಿದ್ದರು. ಅವನಿಗೋ ಅದೇ ಹೆಮ್ಮೆ.

ಈ ಬೇಸಿಗೆಯಲ್ಲಿ ಯಾರೋ ತೂಬು ಎತ್ತಿ ನೀರು ಕದ್ದರು. ಕೆಳಗಿನ ತೋಟಗಳಲ್ಲಿ ಗೊನೆ ಹೊತ್ತ ಬಾಳೆ ಬಾಡಿ ಬಿದ್ದವು. ಕದ್ದವನು ಅಕ್ಕಿ ಗಿರಣಿಯ ವೀರೇಶ್ ಎಂದು ಊರಿಗೆಲ್ಲ ಗೊತ್ತು. ಅವನ ತೋಟವೊಂದೇ ಹಸಿರಾಗಿ ನಿಂತಿತ್ತಲ್ಲ! ಬಾಯಿ ಬಿಡುವ ಗಂಡಸು ಮಾತ್ರ ಒಬ್ಬನಿಲ್ಲ.

"ನೀರುಗಂಟಿನೇ ಬಿಟ್ಟಾನ್ರಿ," ಎಂದ ವೀರೇಶ್.

ಹಿರಿಯರು ಇಬ್ಬರನ್ನೂ ಗುಡಿಗೆ ಕರೆದರು. 'ಪಾಳಿ ತಪ್ಪಿಸಿ ಎಂದೂ ನೀರು ಹರಿಸಿಲ್ಲ' ಎಂದು ದೇವರ ಮೇಲೆ ಆಣೆಯಿಟ್ಟು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ಆರಿಸದಿದ್ದರೆ ಗಾದಿಲಿಂಗಪ್ಪನ ನೀರುಗಂಟಿತನ ಹೋಯಿತು.

ವೀರೇಶ್ ಬಂದ, ಹೇಳಿದ, ಪಟಕ್ಕನೆ ಬಡಿದು ಆರಿಸಿದ. ಅಂಗೈ ಒರೆಸಿಕೊಂಡು ಫೋನ್ ನೋಡತೊಡಗಿದ.

ಗಾದಿಲಿಂಗಪ್ಪನ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಹೋದ ವರ್ಷ ಕೆಳಗಿನ ತೋಟದ ಉಚ್ಚಂಗೆಮ್ಮನ ಗಂಡ ಸತ್ತು, ಸೂತಕದಲ್ಲಿ ಅವಳ ಪಾಳಿ ತಪ್ಪಿತ್ತು. ಒಣಗುತ್ತಿದ್ದ ಸಸಿಗಳನ್ನು ನೋಡಲಾರದೆ ತಾನೇ ಒಂದಿಷ್ಟು ನೀರು ತಿರುಗಿಸಿದ್ದ. ಎಂದೂ ಇಲ್ಲ ಎಂದು ದೇವರಿಗೆ ಹೇಗೆ ಹೇಳುವುದು? ಅವಳ ಹೆಸರೆತ್ತಿದರೆ ಅವಳಿಗೂ ದಂಡ. ಉಚ್ಚಂಗೆಮ್ಮ ಗುಂಪಿನಲ್ಲೇ ಇದ್ದಳು. ಸೆರಗು ಕಚ್ಚಿಕೊಂಡು ನೆಲ ನೋಡಿದಳು, ಪುಣ್ಯಾತ್ಗಿತ್ತಿ! ಕರ್ಪೂರ ತಾನೇ ಉರಿದು ಮುಗಿಯಿತು.

"ನೋಡ್ರಿ, ಮಾನಗೇಡಿ!" ಎಂದ ವೀರೇಶ್. ಊರೂ ಹೌದು ಹೌದು ಎಂದಿತು. ಥೂ, ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ!

ಗಾದಿಲಿಂಗಪ್ಪ ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿ ಚೆನ್ನಬಸಮ್ಮನಿಗೆ ಹೇಳಿದ. ಇವಳಾದರೂ ತನ್ನನ್ನು ಅರಿತಾಳು ಎಂಬ ಆಸೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆ ಹಲ್ಕಟ್ ಹೇಳಿದಂಗ ಒಂದು ಸುಳ್ಳು ಹೇಳಾಕ ಬರಲಿಲ್ಲ ನಿನಗ? ನಾಳಿಂದ ಮಕ್ಕಳಿಗೆ ಏನ್ ಹಾಕ್ಲಿ? ಊರು ಅಂದಿದ್ದು ಖರೇನ ಐತಿ ಬಿಡು. ಮಾನಗೇಡಿ!"