ಗೋದಲಿಯ ಉಸ್ತುವಾರಿ

ಮುಂಬಯಿಯಲ್ಲಿ ಸಿಗದ ವಸ್ತುವೇ ಇಲ್ಲವೆಂದು ಎದೆ ತಟ್ಟಿ ಹೇಳುವವರನ್ನು ನೀವೂ ಕಂಡಿರುತ್ತೀರಿ. ಕಳೆದ ಡಿಸೆಂಬರಿನವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆ. ಈಗ ಯಾರಾದರೂ ಆ ಮಾತೆತ್ತಿದರೆ, 'ಸ್ವಾಮಿ, ಒಂದು ಹಿಡಿ ಒಣಹುಲ್ಲು ತಂದುಕೊಡಿ ನೋಡೋಣ' ಎನ್ನುತ್ತೇನೆ. ಚೆಂಬೂರು ಸ್ಟೇಷನ್ನಿನ ಹೊರಗೆ ಹಸು ಕಟ್ಟಿಕೊಂಡು ಕೂತು, ಪುಣ್ಯಾರ್ಥಿಗಳಿಗೆ ಹುಲ್ಲು ಮಾರುವ ಹೆಂಗಸನ್ನು ಕೇಳಿದೆ. ಅವಳಲ್ಲಿದ್ದದ್ದು ಹಸಿಹುಲ್ಲು. ಒಣಗಿದ್ದು ಬೇಕೆಂದಾಗ, ಗೋಮಾತೆಗೆ ಒಣಹುಲ್ಲು ತಿನ್ನಿಸಿ ಪುಣ್ಯ ಗಿಟ್ಟಿಸಹೊರಟ ಈ ಜಿಪುಣ ಯಾರೆಂಬಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು; ಹಸುವೂ ನೋಡಿತು. ನರ್ಸರಿಯವನು ಪ್ಲಾಸ್ಟಿಕ್ ಹುಲ್ಲು ತೋರಿಸಿದ. ಆನ್‌ಲೈನಿನಲ್ಲಿ ಸಾಕುಮೊಲಗಳಿಗೆಂದು ಪರದೇಶದಿಂದ ಬಂದ ಹುಲ್ಲೇನೋ ಇತ್ತು, ಆದರೆ ಅದರ ಬೆಲೆ ನೋಡಿದ ಮೇಲೆ ಅದನ್ನು ಮೊಲಕ್ಕೆ ಹಾಕುವ ಬದಲು ನಾವೇ ಎಲೆಯ ಮೇಲೆ ಬಡಿಸಿಕೊಳ್ಳುವುದು ಉಚಿತವೆನ್ನಿಸಿತು. ಕಡೆಗೆ ಗ್ರಾಂಟ್ ರೋಡಿನಲ್ಲಿ, ಉಡುಪಿ ಹೋಟೆಲುಗಳಿಗೆ ಲೋಟ-ತಟ್ಟೆ ಮಾರುವ ಅಂಗಡಿಯೊಂದರ ಹಿಂಬದಿಯಲ್ಲಿ, ಗಾಜಿನ ಸಾಮಾನು ಒಡೆಯದಿರಲೆಂದು ಪೆಟ್ಟಿಗೆಯಲ್ಲಿ ತುರುಕಿದ್ದ ಹುಲ್ಲನ್ನು ಅಂಗಲಾಚಿ ಪಡೆದು, ಚೀಲಕ್ಕೆ ತುಂಬಿಕೊಂಡು ಲೋಕಲ್ ಹತ್ತಿದೆ.

ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಮುಂಬಯಿಯ ವಿಮಾ ಕಚೇರಿಯೊಂದರಲ್ಲಿ ಸವೆದು, ಈಗ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನೇ ಮುಖ್ಯ ಉದ್ಯೋಗ ಮಾಡಿಕೊಂಡಿರುವ ನನ್ನಂಥವನಿಗೆ ಹುಲ್ಲಿನ ಹಂಬಲವೇಕೆ ಎಂದು ನೀವು ಕೇಳಬೇಕು. ಕೇಳಿದಿರೆಂದೇ ಭಾವಿಸಿ ಹೇಳುತ್ತೇನೆ. ನಮ್ಮ ಎದುರು ಫ್ಲ್ಯಾಟಿನಲ್ಲಿ ವಿನ್ಸೆಂಟ್ ಮತ್ತು ಐರಿನ್ ಎಂಬ ಮಂಗಳೂರಿನ ಕಡೆಯ ಕ್ರೈಸ್ತ ದಂಪತಿಗಳಿದ್ದಾರೆ. ಆತ ರಿಫೈನರಿಯಲ್ಲಿ ನಕ್ಷೆ ಬರೆಯುತ್ತಿದ್ದವರು, ಆಕೆ ನರ್ಸ್ ಆಗಿದ್ದವರು; ಇಬ್ಬರೂ ನಿವೃತ್ತರು. ನಿವೃತ್ತಿಯೆಂದರೆ ನಮಗೆಲ್ಲ ಕೈಕಾಲು ಚಾಚುವ ಕಾಲ, ಅವರಿಗೆ ಮಾತ್ರ ಅದು ಸೊಂಟ ಕಟ್ಟುವ ಕಾಲವಾಗಿ ತೋರಿತು. ಅವರ ಚರ್ಚಿನವರು ಆಫ್ರಿಕಾದ ಒಂದು ಸಣ್ಣ ಊರಿನಲ್ಲಿ ನಡೆಸುವ ದವಾಖಾನೆಗೆ ಜನ ಬೇಕಾಗಿದ್ದಾರೆಂದು ಕೇಳಿದ್ದೇ ತಡ, ಚಳಿಗಾಲ ಮುಗಿಯುವವರೆಗೆ ಸೇವೆ ಮಾಡಿ ಬರುತ್ತೇವೆಂದು ಹೆಸರು ಕೊಟ್ಟುಬಿಟ್ಟರು. ಕ್ರಿಸ್ಮಸ್ಸಿಗೆ ಊರಿಗೆ ಹೋಗುವವರನ್ನು ಬಲ್ಲೆ, ಗೋವೆಗೆ ಹೋಗುವವರನ್ನಂತೂ ಚೆನ್ನಾಗಿ ಬಲ್ಲೆ; ಈ ವಯಸ್ಸಿನಲ್ಲಿ ಹಬ್ಬ ಬಿಟ್ಟು, ಗೊತ್ತಿಲ್ಲದ ಜನರ ಗಾಯ ತೊಳೆಯಲು ಸಮುದ್ರ ದಾಟುವವರನ್ನು ಕಂಡದ್ದು ಅದೇ ಮೊದಲು. ನನಗೆ ಅವರ ಮೇಲೆ ಅಪಾರ ಗೌರವ ಮೂಡಿತು. ಆ ಗೌರವದ ಭರದಲ್ಲಿ, 'ಇಲ್ಲಿಯ ಯೋಚನೆ ಬಿಡಿ, ನಾನಿದ್ದೇನೆ' ಎಂದುಬಿಟ್ಟೆ.

ಹಾಗೆ ಅಂದಾಗ ನನ್ನ ಮನಸ್ಸಿನಲ್ಲಿದ್ದದ್ದು ತುಳಸಿಗಿಡದಷ್ಟು ಎತ್ತರದ ಅವರ ಎರಡು ಕುಂಡಗಳಿಗೆ ನೀರು ಹಾಕುವುದು. ಅವರ ಮನಸ್ಸಿನಲ್ಲಿದ್ದದ್ದು ಗೋದಲಿ. ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ತಾಯಿ, ತಂದೆ, ಮಗು, ಹಸು, ಕತ್ತೆಗಳ ಗೊಂಬೆಗಳಿಟ್ಟು ಕಟ್ಟುವುದಕ್ಕೆ ಮಂಗಳೂರಿನವರು ಗೋದಲಿ ಎನ್ನುತ್ತಾರೆ. ಬಿಲ್ಡಿಂಗಿನ ಗೇಟಿನ ಪಕ್ಕದಲ್ಲಿ ವರ್ಷವೂ ಅದನ್ನು ಕಟ್ಟುತ್ತಿದ್ದವರು ಇವರೇ. ನಮ್ಮಲ್ಲಿದ್ದ ಉಳಿದ ಕ್ರೈಸ್ತ ಕುಟುಂಬಗಳು ವಸಾಯಿಯ ಕಡೆ ಮನೆ ಮಾಡಿ ಹೋಗಿ ಎಷ್ಟೋ ಕಾಲವಾಗಿತ್ತು. 'ಒಂದು ವರ್ಷವೂ ತಪ್ಪಿದ್ದಿಲ್ಲ ಮಾರಾಯ್ರೆ, ಈ ಸಲ ನಿಮ್ಮ ಕೈಯಲ್ಲಿ ಉಂಟು' ಎಂದು ವಿನ್ಸೆಂಟ್ ಗೊಂಬೆಗಳ ಪೆಟ್ಟಿಗೆಯನ್ನು ನನ್ನ ತೋಳಿಗಿಟ್ಟು ವಿಮಾನವೇರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸೇವೆಯ ಸಂಕಲ್ಪ ಅವರದು, ಬೆವರು ನನ್ನದು.

ದೂರದೇಶಕ್ಕೆ ಹೋದವರು ಇಲ್ಲಿಯದನ್ನು ಮರೆಯುತ್ತಾರೆಂಬ ಲೋಕಾಭಿಪ್ರಾಯವನ್ನು ವಿನ್ಸೆಂಟ್ ಸಂಪೂರ್ಣವಾಗಿ ಸುಳ್ಳು ಮಾಡಿದರು. ದಿನವೂ ಸಂಜೆ ವೀಡಿಯೋ ಕಾಲ್. ಅಲ್ಲಿ ಹಗಲೆಲ್ಲ ಕೆಟ್ಟ ನೀರಿನ ಪಂಪನ್ನು ಬಿಚ್ಚಿ ಜೋಡಿಸಿ ದಣಿದ ಮನುಷ್ಯ, ವಿಶ್ರಾಂತಿಗೆಂದು ನನ್ನನ್ನು ಬಿಚ್ಚಿ ಜೋಡಿಸುತ್ತಿದ್ದರು. ಕೊಟ್ಟಿಗೆಯ ಮಾಡು ಒಂದು ಕಡೆ ವಾಲಿದೆ, ನಕ್ಷತ್ರದೀಪದ ವೈರ್‌ಗೆ ಟೇಪು ಸುತ್ತಿಲ್ಲ, ಬೆಟ್ಟಕ್ಕೆ ಹೊದಿಸಿದ ಗೋಣಿ ಬೆಟ್ಟದ ಹಾಗಿಲ್ಲ, ಗೋಣಿಯ ಹಾಗೇ ಇದೆ. ಪ್ಲಾಸ್ಟಿಕ್ ಹುಲ್ಲು ಹಾಕಿದರೆ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಫೋನನ್ನೇ ಇಟ್ಟುಬಿಟ್ಟರು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ, ಹೋಗಿರಲಿಲ್ಲ. ಮರುದಿನವೇ ನನ್ನ ತೃಣಾನ್ವೇಷಣೆ ಆರಂಭವಾಯಿತು. ನಡುನಡುವೆ ಐರಿನ್, ನಾವೆಲ್ಲ ಕರೆಯುವಂತೆ ಐರಿನ್ ಬಾಯಿ, ಗಂಡನ ಹಿಂದಿನಿಂದ ಮುಖ ತೋರಿಸಿ, ತಟ್ಟೆಯಲ್ಲಿ ರಾಗಿ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸಿರು ಗದ್ದೆಯಾಗುತ್ತದೆಂದು ಹೇಳಿ, ನಗುತ್ತ ಮರೆಯಾಗುತ್ತಿದ್ದರು.

ರಾಗಿಯ ಹೆಸರು ಕೇಳಿದ್ದೇ ನನ್ನ ಹೆಂಡತಿ ಪದ್ಮಳಿಗೆ ಗೋದಲಿಯ ಮೇಲೆ ಹಕ್ಕು ಬಂದುಬಿಟ್ಟಿತು. ಅವಳದು ತಟ್ಟೆಯಲ್ಲಿ ರಾಗಿ ಪೈರು ಬೆಳೆಸಿ ದಸರಾ ಗೊಂಬೆ ಕೂರಿಸುವ ಮನೆತನ. ಅಲ್ಲಿಯವರೆಗೆ 'ನಿಮ್ಮ ಕರ್ಮ' ಎಂದು ದೂರದಿಂದ ನೋಡುತ್ತಿದ್ದವಳು ಸೆರಗು ಸಿಕ್ಕಿಸಿ ಇಳಿದಳು. ಗೊಂಬೆಗಳನ್ನು ನೆಲದ ಮೇಲೆ ಚೆಲ್ಲಾಪಿಲ್ಲಿ ನಿಲ್ಲಿಸುವುದು ಯಾವ ಶಾಸ್ತ್ರ, ಮೆಟ್ಟಿಲು ಬೇಡವೇ ಎಂದು ವಾದಿಸಿ, ಅದರಲ್ಲಿ ಸೋತು, ಆ ಸೋಲಿನ ಪರಿಹಾರವಾಗಿ ತನ್ನ ತವರಿನ ಶೆಟ್ಟಿ ಗೊಂಬೆಯನ್ನೂ ಅವನ ದಿನಸಿ ಅಂಗಡಿಯನ್ನೂ ಬೆತ್ಲೆಹೇಮಿನ ನಡುಬೀದಿಯಲ್ಲಿ ಸ್ಥಾಪಿಸಿದಳು. 'ಇದು ಯಾರು?' ಎಂದು ವಿನ್ಸೆಂಟ್ ಆಫ್ರಿಕಾದಿಂದ ಕೂಗಿದರು. 'ಊರು ಅಂದ್ಮೇಲೆ ಅಂಗಡಿ ಬೇಡ್ವೇ? ಬಾಣಂತಿ ಇರೋ ಮನೆ, ಬೆಲ್ಲ ಶುಂಠಿ ಎಲ್ಲಿಂದ ತರ್ತಾರೆ?' ಎಂದಳು ಪದ್ಮ. ವಿನ್ಸೆಂಟ್ ಶೆಟ್ಟಿಯನ್ನು ಅಲ್ಲೇ ಬಿಟ್ಟು ಮಾತನ್ನು ಕೊಟ್ಟಿಗೆಯ ಮಾಡಿನ ಕಡೆಗೆ ತಿರುಗಿಸಿದರು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ನಾನೂ ಹೀಗೇ ಮಾತು ತಿರುಗಿಸುತ್ತ ಬಂದವನೆಂಬುದು ನನಗೊಂದು ಸಮಾಧಾನ.

ನಿಜವಾದ ಪೇಚು ಆಮೇಲೆ ಬಂತು. ಹುಲ್ಲು ಹಾಸಿದ ಪುಟ್ಟ ತೊಟ್ಟಿಲು ಹಬ್ಬದ ಹಿಂದಿನ ದಿನದವರೆಗೂ ಬರಿದಾಗಿರಬೇಕು, ಬಾಲಯೇಸುವನ್ನು ಅಂದೇ ಮಲಗಿಸಬೇಕು, ಅದಕ್ಕೆ ಮೊದಲು ಮಲಗಿಸಿದರೆ ಕಾಯುವುದಕ್ಕೆ ಅರ್ಥವೇನು? ಇದು ಅವರ ಪದ್ಧತಿ, ವಿನ್ಸೆಂಟ್ ದಿನಕ್ಕೊಮ್ಮೆ ನೆನಪಿಸುತ್ತಿದ್ದ ಏಕೈಕ ಕಟ್ಟಪ್ಪಣೆ. ಆದರೆ ಬರಿದಾದ ತೊಟ್ಟಿಲನ್ನು ತೂಗಬಾರದು, ಮನೆಯೆದುರು ಇಡಲೂಬಾರದು, ಇದು ನಮ್ಮ ಪದ್ಧತಿ. ಬೇರೆ ವರ್ಷವಾಗಿದ್ದರೆ ನಾನು ಇದನ್ನು ನಕ್ಕು ತಳ್ಳಿಹಾಕುತ್ತಿದ್ದೆ. ಆ ವರ್ಷ ನಮ್ಮ ಮಗಳು ಮೇಘನಾ ಹೆರಿಗೆಗೆಂದು ಠಾಣೆಯ ಗಂಡನ ಮನೆಯಿಂದ ಬಂದು ನಮ್ಮಲ್ಲಿದ್ದಳು. ಹಿಂದಿನ ವರ್ಷವೂ ಹೀಗೇ ಬಂದಿದ್ದಳು. ತುಂಬಿದ ದಿನಗಳಲ್ಲಿ ಆ ಮಗು ಹೊಟ್ಟೆಯಲ್ಲೇ ಹೋಯಿತು. ನಾವಿಬ್ಬರೂ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಸಿದು ಕೂತಿದ್ದಾಗ ಅವಳ ಹಾಸಿಗೆಯ ಪಕ್ಕದಲ್ಲಿ, ಕೈ ಹಿಡಿದುಕೊಂಡು ಕೂತಿದ್ದವರು ಐರಿನ್ ಬಾಯಿ. ಈಗ ಮೇಘನಾ ಸಂಜೆಯ ವಾಕಿಂಗಿಗೆ ಹೋಗುವಾಗಲೂ ಬರುವಾಗಲೂ ಗೇಟಿನ ಪಕ್ಕದ ಆ ತೊಟ್ಟಿಲನ್ನು ದಾಟಿಯೇ ಹೋಗಬೇಕು. 'ಖಾಲಿ ಇಡೋಕೆ ನಾನು ಬಿಡಲ್ಲ ಕಣ್ರೀ, ಯಾರು ಏನಾದ್ರೂ ಅಂದ್ಕೊಳ್ಳಲಿ' ಎಂದಳು ಪದ್ಮ. ನನಗೂ ಆ ಖಾಲಿ ತೊಟ್ಟಿಲು ನೋಡಿದಾಗಲೆಲ್ಲ ಭಯವಾಗುತ್ತಿತ್ತು, ಹೇಳಿಕೊಂಡಿರಲಿಲ್ಲ ಅಷ್ಟೆ.

ಎರಡು ನಂಬಿಕೆಗಳೂ ತಂತಮ್ಮ ಜಾಗದಲ್ಲಿ ಸರಿಯಾಗಿದ್ದವು. ಅವೆರಡರ ನಡುವೆ ಅಂಗಿಗೆ ಜೇಬಿದ್ದವನು ನಾನೊಬ್ಬನೇ. ಪದ್ಮ ಬಾಲಯೇಸುವಿನ ಗೊಂಬೆಯನ್ನು ತೊಟ್ಟಿಲಲ್ಲಿ ಮಲಗಿಸಿಯೇಬಿಟ್ಟಳು. ದಿನವೂ ಸಂಜೆ ಕಾಲ್ ಬರುವ ಹೊತ್ತಿಗೆ ನಾನು ಗೇಟಿನ ಬಳಿ ಹೋಗಿ, ವಾಚ್‌ಮನ್ ಅತ್ತ ತಿರುಗಿದಾಗ ಮಗುವನ್ನೆತ್ತಿ ಜೇಬಿಗಿಳಿಸಿ, ಬರಿದಾದ ತೊಟ್ಟಿಲನ್ನು ಮೊಬೈಲಿಗೆ ತೋರಿಸಿ, 'ಕಾಯುತ್ತಿದ್ದೇವೆ' ಎಂದು ಭಕ್ತಿಯಿಂದ ನುಡಿದು, ಕಾಲ್ ಮುಗಿದ ಮೇಲೆ ಮಗುವನ್ನು ಮತ್ತೆ ಮಲಗಿಸುವೆನು. ಒಮ್ಮೆ ಮರೆತು ಹಾಗೇ ತರಕಾರಿಗೆ ಹೋಗಿ, ಚಿಲ್ಲರೆಗೆಂದು ಜೇಬಿಗೆ ಕೈಹಾಕಿ, ಕೊತ್ತಂಬರಿ ಸೊಪ್ಪಿನವಳ ಮುಂದೆ ಲೋಕರಕ್ಷಕನನ್ನೇ ಹಿಡಿದು ನಿಂತೆ. ಅವಳು ಕೈಮುಗಿದಳು, ಆದರೆ ಸೊಪ್ಪಿನ ಬೆಲೆ ಇಳಿಸಲಿಲ್ಲ. ಕಚೇರಿಯಲ್ಲಿದ್ದಷ್ಟು ಕಾಲ ಒಂದು ಪೆನ್ಸಿಲನ್ನೂ ಮನೆಗೆ ತಾರದ ನಾನು ಈ ವಯಸ್ಸಿನಲ್ಲಿ ದಿನನಿತ್ಯ ಶಿಶುಚೋರನಾಗಬೇಕಾಗಿ ಬಂದುದಕ್ಕೆ, ಪರದೇಶದಲ್ಲಿ ಪರೋಪಕಾರ ಮಾಡುವ ಸಮಸ್ತರನ್ನೂ ಮನಸ್ಸಿನಲ್ಲೇ ಶಪಿಸಿದೆ.

ಹಬ್ಬ ಹತ್ತಿರ ಬಂದಾಗ ಒಂದು ಸಂಜೆ ಫೋನು ನನ್ನ ಕೈಲಿರಲಿಲ್ಲ. ನಾನು ಸ್ನಾನಕ್ಕಿಳಿದಿದ್ದೆ. ವಾಕಿಂಗಿಗೆ ಹೊರಟಿದ್ದ ಮೇಘನಾ ಕಾಲ್ ತೆಗೆದುಕೊಂಡು, 'ಆಂಟಿ, ರುಕೋ, ನಾನೇ ತೋರಿಸ್ತೀನಿ, ಎಕ್ದಮ್ ಮಸ್ತ್ ಆಗಿದೆ' ಎನ್ನುತ್ತ ಕೆಳಗಿಳಿದಳೆಂದು ಪದ್ಮ ಬಾಗಿಲು ಬಡಿದಾಗ, ನಾನು ಹೇಗಿದ್ದೆನೋ ಹಾಗೆಯೇ ಪಂಚೆ ಸುತ್ತಿಕೊಂಡು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ. ನನ್ನ ಹಿಂದೆ ಪದ್ಮ. ನಾವು ಮುಟ್ಟುವಷ್ಟರಲ್ಲಿ ಮಗಳು ಫೋನನ್ನು ಗೋದಲಿಯ ಎದುರು ಗೋಡೆಗಾನಿಸಿಟ್ಟು, ತಾನು ತೊಟ್ಟಿಲ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಒಂದು ಕೈ ತನ್ನ ಹೊಟ್ಟೆಯ ಮೇಲಿತ್ತು. ಇನ್ನೊಂದು ಕೈಯಿಂದ ಬಾಲಯೇಸುವಿನ ಮೇಲೆ ಬಿದ್ದಿದ್ದ ಹುಲ್ಲಿನೆಳೆಯನ್ನು ತೆಗೆಯುತ್ತಿದ್ದಳು.

ಆಫ್ರಿಕಾದಲ್ಲಿ ವಿನ್ಸೆಂಟರ ಹುಬ್ಬು ಮೇಲೇರಿತು. 'ಇದೆಂಥ ರಾಯರೇ! ನಾನು ಎಷ್ಟು ಸಲ ಹೇಳಿದ್ದು, ಹಬ್ಬಕ್ಕೆ ಮೊದಲು...' ಎಂದು ಅವರು ಶುರು ಮಾಡುವಾಗ ನಾನು ಒದ್ದೆ ಮೈಯಲ್ಲಿ ನಿಂತು ಪದ್ಮಳನ್ನು ನೋಡಿದೆ, ಪದ್ಮ ನೆಲ ನೋಡಿದಳು, ಮೇಘನಾ ಮಾತ್ರ ಏನೂ ಅರ್ಥವಾಗದೆ ನಗುತ್ತಲೇ ಇದ್ದಳು. ಅಷ್ಟರಲ್ಲಿ ಐರಿನ್ ಬಾಯಿ ಗಂಡನ ಭುಜವನ್ನು ಪಕ್ಕಕ್ಕೆ ಒತ್ತಿ ಮುಂದೆ ಬಂದರು. ನನ್ನ ಮಗಳ ಮುಖವನ್ನೂ, ಅವಳ ಹೊಟ್ಟೆಯ ಮೇಲಿದ್ದ ಕೈಯನ್ನೂ, ತುಂಬಿದ ತೊಟ್ಟಿಲನ್ನೂ ನೋಡಿದರು.

'ಮೆಲ್ಲಗೆ ಮಾತಾಡಿ ನೀವು' ಎಂದರು ಗಂಡನಿಗೆ. 'ಮಗು ಮಲಗಿದೆಯಲ್ಲ, ಎಬ್ಬಿಸಬೇಡಿ.'

ಪದ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ವಿನ್ಸೆಂಟ್ ಒಮ್ಮೆ ಹೆಂಡತಿಯನ್ನು, ಒಮ್ಮೆ ನಮ್ಮನ್ನು ನೋಡಿದರು. ಅವರಿಗೆ ಹಿಂದಿನ ವರ್ಷದ್ದೆಲ್ಲ ನೆನಪಾಗಿರಬೇಕು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ಬಾಯಿಯನ್ನು ಫೋನಿನ ಹತ್ತಿರಕ್ಕೆ ತಂದು ಪಿಸುಗುಟ್ಟಿದರು:

'ರಾಯರೇ, ಆ ಕತ್ತೆಯನ್ನು ಸ್ವಲ್ಪ ಎಡಕ್ಕೆ ಸರಿಸಿ. ಶಬ್ದ ಮಾಡಬೇಡಿ.'

ನಾನು ಪಂಚೆ ಬಿಗಿಹಿಡಿದು ಬಗ್ಗಿ, ಉಸಿರು ಬಿಗಿಹಿಡಿದು, ಕತ್ತೆಯನ್ನು ಎಡಕ್ಕೆ ಸರಿಸಿದೆ.